ಗುರಿ ಸೇರಿದ ವಿಕಿರಣವನ್ನು ತೂಗುವ ಬೆಳಕಿನ ಎಳೆ

ವ್ಯಾಪಾರದಲ್ಲಿ ಎರಡು ತೂಕಗಳಿವೆ. ಗೋದಾಮಿನಿಂದ ಸರಕು ಹೊರಟಾಗಿನ ತೂಕ ಒಂದು, ಗಿರಾಕಿಯ ಬಾಗಿಲಿನಲ್ಲಿ ಇಳಿಸಿದಾಗಿನ ತೂಕ ಮತ್ತೊಂದು. ಇವೆರಡೂ ಸದಾ ಒಂದೇ ಎಂದು ನಂಬಿ ನಡೆಯುವ ವರ್ತಕನಿಗೆ ಒಂದಲ್ಲ ಒಂದು ದಿನ ನಷ್ಟ ತಪ್ಪದು. ಕ್ಯಾನ್ಸರ್ ರೋಗಕ್ಕೆ ನೀಡುವ ವಿಕಿರಣ ಚಿಕಿತ್ಸೆಯಲ್ಲಿಯೂ ಇದೇ ಬಗೆಯ ಎರಡು ಲೆಕ್ಕಗಳಿವೆ. ಯಂತ್ರದಿಂದ ಹೊರಟ ವಿಕಿರಣದ ಲೆಕ್ಕವನ್ನು ಆಸ್ಪತ್ರೆಗಳು ಬಹಳ ಎಚ್ಚರಿಕೆಯಿಂದ ಇಡುತ್ತವೆ. ಆದರೆ ರೋಗಿಯ ದೇಹದೊಳಗಿನ ಗುರಿಯನ್ನು ಸೇರಿದ ವಿಕಿರಣವೆಷ್ಟು ಎಂಬುದನ್ನು ಆ ಕ್ಷಣದಲ್ಲಿ, ಆ ಸ್ಥಳದಲ್ಲಿ ಅಳೆಯುವುದು ಬಹುಕಾಲ ಕಷ್ಟಸಾಧ್ಯವಾಗಿತ್ತು. ಈ ಕೊರತೆಯನ್ನು ತುಂಬಲು ರೂಪುಗೊಂಡಿರುವ ಸಾಧನವೇ ಒಂದು ಮಿಲಿಮೀಟರಿನಷ್ಟು ತೆಳುವಾದ ಆಪ್ಟಿಕಲ್ ಫೈಬರ್ ಸಂವೇದಕ.

ಈ ಸಾಧನದ ರಚನೆ ಸರಳ. ಬಳಸುವ ಸಾಮಗ್ರಿಯೂ ಅಪರೂಪದ್ದಲ್ಲ. ಆದರೂ ಇದನ್ನು ನಂಬಲರ್ಹ ಸರಕನ್ನಾಗಿ ಮಾಡುವುದು ಸುಲಭವಲ್ಲ. ಆ ಕಷ್ಟವು ಎಲ್ಲಿದೆ ಎಂಬುದನ್ನು ಅರಿತರೆ, ಸೂಕ್ಷ್ಮ ಉಪಕರಣಗಳ ತಯಾರಿಕೆಯಲ್ಲಿ ಆಸಕ್ತಿಯುಳ್ಳ ಸಣ್ಣ ಉದ್ಯಮಿಗಳಿಗೆ ತಮ್ಮ ಪಾತ್ರವೇನು ಎಂಬುದೂ ಸ್ಪಷ್ಟವಾಗುತ್ತದೆ.

ಅಳತೆ ತಪ್ಪಿದರೆ ಆಗುವುದೇನು?

ವಿಕಿರಣ ಪ್ರಮಾಣದ ಮೂಲಮಾನ ಗ್ರೇ. ಒಂದು ಕಿಲೋಗ್ರಾಂ ದ್ರವ್ಯವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಸಾಮಾನ್ಯ ಬಾಹ್ಯ ಚಿಕಿತ್ಸೆಯಲ್ಲಿ ದಿನಕ್ಕೆ ಸುಮಾರು 2 ಗ್ರೇಯಂತೆ, ವಾರಕ್ಕೆ ಐದು ದಿನ, ಐದರಿಂದ ಏಳು ವಾರಗಳ ಕಾಲ ವಿಕಿರಣ ನೀಡುವುದು ರೂಢಿ. ಪ್ರಮಾಣ ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ; ಹೆಚ್ಚಾದರೆ ಪಕ್ಕದ ಆರೋಗ್ಯವಂತ ಅಂಗಗಳು ಸುಡುತ್ತವೆ. ನಿಗದಿತ ಪ್ರಮಾಣಕ್ಕೂ ವಾಸ್ತವವಾಗಿ ತಲುಪಿದ ಪ್ರಮಾಣಕ್ಕೂ ಶೇಕಡಾ 5ಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಾರದೆಂದು ವಿಕಿರಣ ಮೂಲಮಾನಗಳ ಅಂತರರಾಷ್ಟ್ರೀಯ ಆಯೋಗವು 1976ರಲ್ಲಿಯೇ ಸೂಚಿಸಿತ್ತು.

1996ರಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿ ಸಾನ್ ಹೊಸೆಯ ಒಂದು ಆಸ್ಪತ್ರೆಯಲ್ಲಿ ನಡೆದ ಪ್ರಕರಣ ಇಲ್ಲಿ ಸ್ಮರಣಾರ್ಹ. ಚಿಕಿತ್ಸಾ ಯಂತ್ರದ ಕೋಬಾಲ್ಟ್ ಮೂಲವನ್ನು ಬದಲಾಯಿಸಿದ ನಂತರ ಹೊಸ ಮೂಲದ ವಿಕಿರಣ ವೇಗವನ್ನು ಲೆಕ್ಕಹಾಕಲಾಯಿತು. ಅಳತೆಯ ಅವಧಿ 0.3 ನಿಮಿಷ, ಅಂದರೆ 18 ಸೆಕೆಂಡು. ಅದನ್ನು 30 ಸೆಕೆಂಡು ಎಂದು ಭಾವಿಸಿದ್ದರಿಂದ ಯಂತ್ರದ ವೇಗವು ನಿಜಕ್ಕಿಂತ ಬಹಳ ಕಡಿಮೆಯೆಂದು ದಾಖಲಾಯಿತು. ವೇಗ ಕಡಿಮೆಯೆಂದು ತಿಳಿದ ಮೇಲೆ ಸಹಜವಾಗಿಯೇ ಪ್ರತಿ ರೋಗಿಗೂ ಹೆಚ್ಚು ಹೊತ್ತು ವಿಕಿರಣ ನೀಡಲಾಯಿತು. ತಪ್ಪು ಬೆಳಕಿಗೆ ಬರುವ ಹೊತ್ತಿಗೆ ಒಂದು ತಿಂಗಳು ಮೀರಿತ್ತು. 115 ರೋಗಿಗಳು ಒಂದೂವರೆ ಪಟ್ಟಿನಷ್ಟು ವಿಕಿರಣಕ್ಕೆ ಗುರಿಯಾಗಿದ್ದರು. ಅವರಲ್ಲಿ ಕೆಲವರ ಸಾವಿಗೆ ಇದೇ ಕಾರಣವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಕಂಡುಕೊಂಡರು.

ಯಂತ್ರ ಕೆಟ್ಟಿರಲಿಲ್ಲ. ನಿರ್ವಾಹಕರು ಬರೆದುಕೊಟ್ಟ ಸಮಯವನ್ನೇ ನಿಷ್ಠೆಯಿಂದ ಪಾಲಿಸಿದ್ದರು. ಇಳಿಸಿದ ಕಡೆ ಮತ್ತೊಮ್ಮೆ ತೂಗುವವರು ಮಾತ್ರ ಇರಲಿಲ್ಲ.

ಈಗಿರುವ ಅಳತೆಯ ಸಾಧನಗಳು

ವಿಕಿರಣ ಮಾಪನಕ್ಕೆ ಹಲವು ಸಾಧನಗಳು ದೀರ್ಘಕಾಲದಿಂದ ಬಳಕೆಯಲ್ಲಿವೆ. ಇವುಗಳಲ್ಲಿ ಅಯಾನೀಕರಣ ಕೋಷ್ಠವು ಪ್ರಮಾಣಭೂತವಾದುದು. ಪುಟ್ಟ ಗಾಳಿಗೂಡಿನಲ್ಲಿ ವಿಕಿರಣವು ಉಂಟುಮಾಡುವ ವಿದ್ಯುದಾವೇಶವನ್ನು ಇದು ಅಳೆಯುತ್ತದೆ. ಇದಕ್ಕೆ ನೂರಾರು ವೋಲ್ಟ್ ವಿದ್ಯುತ್ ಒತ್ತಡ ಬೇಕು. ಆದ್ದರಿಂದ ಇದನ್ನು ಸಾಮಾನ್ಯವಾಗಿ ನೀರಿನ ತೊಟ್ಟಿಯಲ್ಲಿಟ್ಟು ಯಂತ್ರವನ್ನು ಪರೀಕ್ಷಿಸಲು ಬಳಸುತ್ತಾರೆಯೇ ಹೊರತು ರೋಗಿಯ ದೇಹದೊಳಗೆ ಇಡುವುದಿಲ್ಲ.

ಎರಡನೆಯದು ಟಿಎಲ್‌ಡಿ ಎಂದು ಪ್ರಸಿದ್ಧವಾದ ಉಷ್ಣದೀಪ್ತಿ ಮಾಪಕ. ವಿಕಿರಣ ಕೇಂದ್ರಗಳ ಸಿಬ್ಬಂದಿ ಎದೆಯ ಮೇಲೆ ಧರಿಸುವ ಬಿಲ್ಲೆಯಲ್ಲಿ ಇರುವುದು ಇದೇ. ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನಿಂದ ಈ ಬಿಲ್ಲೆಯನ್ನು ರೂಪಿಸಿದೆ. ಟಿಎಲ್‌ಡಿ ತುಣುಕು ಅತಿ ಚಿಕ್ಕದು, ತಂತಿಯ ಅಗತ್ಯವೂ ಇಲ್ಲ. ಆದರೆ ಅದನ್ನು ಪ್ರಯೋಗಾಲಯಕ್ಕೆ ಒಯ್ದು ಕಾಯಿಸಿದ ಮೇಲೆಯೇ ಉತ್ತರ ದೊರೆಯುತ್ತದೆ. ಅಷ್ಟರಲ್ಲಿ ಆ ದಿನದ ಚಿಕಿತ್ಸೆ ಮುಗಿದಿರುತ್ತದೆ.

ಅರೆವಾಹಕ ಡಯೋಡ್ ಮತ್ತು ಮಾಸ್‌ಫೆಟ್ ಸಾಧನಗಳು ಬೇಗ ಉತ್ತರ ನೀಡುತ್ತವೆ. ಆದರೆ ಅವು ಸಿಲಿಕಾನ್ ಆಧಾರಿತವಾದುದರಿಂದ ಕಡಿಮೆ ಶಕ್ತಿಯ ಕಿರಣಗಳಿಗೆ ದೇಹದ ಅಂಗಾಂಶಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತವೆ. ವಿಕಿರಣದ ಹೊಡೆತಕ್ಕೆ ಕಾಲಕ್ರಮೇಣ ಅವುಗಳ ಗುಣವೂ ಬದಲಾಗುತ್ತದೆ.

ಒಟ್ಟಿನಲ್ಲಿ ಬೇಕಾದುದು ಚಿಕ್ಕದಾಗಿರಬೇಕು, ದೇಹದೊಳಗೆ ವಿದ್ಯುತ್ ಒಯ್ಯಬಾರದು, ನೀರಿನಂತೆ ವರ್ತಿಸಬೇಕು, ಮತ್ತು ಚಿಕಿತ್ಸೆ ನಡೆಯುತ್ತಿರುವಾಗಲೇ ಉತ್ತರ ಹೇಳಬೇಕು. ಆಪ್ಟಿಕಲ್ ಫೈಬರ್ ಸಂವೇದಕವು ಈ ನಾಲ್ಕೂ ಬೇಡಿಕೆಗಳಿಗೆ ಹತ್ತಿರ ಬರುತ್ತದೆ.

ಸಂವೇದಕದ ರಚನೆ

ದೂರವಾಣಿ ಮತ್ತು ಅಂತರ್ಜಾಲ ಸಂಪರ್ಕಕ್ಕಾಗಿ ರಸ್ತೆಯಡಿ ಹೂಳುವ ಫೈಬರ್ ಎಲ್ಲರಿಗೂ ಪರಿಚಿತ. ಅದು ಗಾಜಿನದು, ದೂರ ಸಂಪರ್ಕದ ಏಕವಿಧ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ಅಗಲ ಸುಮಾರು 9 ಮೈಕ್ರೊಮೀಟರ್ ಮಾತ್ರ. ಚಿಕಿತ್ಸಾ ಸಂವೇದಕದಲ್ಲಿ ಬಳಸುವುದು ಬಹುತೇಕ ಪ್ಲಾಸ್ಟಿಕ್ ಫೈಬರ್. ಇದು ಪಿಎಂಎಂಎ, ಅಂದರೆ ಅಕ್ರಿಲಿಕ್ ಜಾತಿಯದು. ದಪ್ಪ ಅರ್ಧದಿಂದ ಒಂದು ಮಿಲಿಮೀಟರ್. ಇದು ಸುಲಭವಾಗಿ ಬಾಗುತ್ತದೆ. ಗಾಜಿನಂತೆ ಮುರಿದು ಚೂರಾಗುವ ಭಯವಿಲ್ಲ.

ಈ ಫೈಬರಿನ ತುದಿಗೆ ಕೆಲವೇ ಮಿಲಿಮೀಟರ್ ಉದ್ದದ ಸಿಂಟಿಲೇಟರ್ ತುಂಡನ್ನು ಜೋಡಿಸಲಾಗುತ್ತದೆ. ಸಿಂಟಿಲೇಟರ್ ಎಂದರೆ ವಿಕಿರಣ ತಾಗಿದಾಗ ಮಿನುಗುವ ವಸ್ತು. ಪ್ಲಾಸ್ಟಿಕ್ ಸಿಂಟಿಲೇಟರು ಪಾಲಿಸ್ಟೈರೀನ್ ಮುಂತಾದ ದ್ರವ್ಯಕ್ಕೆ ಮಿನುಗುವ ಸಾವಯವ ರಾಸಾಯನಿಕಗಳನ್ನು ಬೆರೆಸಿ ತಯಾರಿಸಿದ್ದು. ಹೀರಿಕೊಂಡ ಶಕ್ತಿ ಹೆಚ್ಚಿದಂತೆ ಮಿನುಗೂ ಅದೇ ಅನುಪಾತದಲ್ಲಿ ಹೆಚ್ಚುತ್ತದೆ. ಹುಟ್ಟಿದ ಬೆಳಕಿನಲ್ಲಿ ಸಣ್ಣದೊಂದು ಪಾಲು ಮಾತ್ರ ಫೈಬರಿನಲ್ಲಿ ಸೆರೆಯಾಗಿ ಹತ್ತಿಪ್ಪತ್ತು ಮೀಟರ್ ದೂರ ಸಾಗಿ, ಚಿಕಿತ್ಸಾ ಕೊಠಡಿಯ ಗೋಡೆಯಾಚೆ ಇರುವ ಬೆಳಕಿನ ಗ್ರಾಹಕವನ್ನು ಸೇರುತ್ತದೆ. ಅಲ್ಲಿ ಫೋಟೋಮಲ್ಟಿಪ್ಲಯರ್, ಫೋಟೋಡಯೋಡ್ ಅಥವಾ ಸಿಲಿಕಾನ್ ಫೋಟೋಮಲ್ಟಿಪ್ಲಯರ್ ಅದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ. ಹೊರಗಿನ ಬೆಳಕು ನುಸುಳದಂತೆ ಫೈಬರಿಗೆ ಆದ್ಯಂತ ಕಪ್ಪು ಹೊದಿಕೆ ಇರುತ್ತದೆ.

ಪ್ಲಾಸ್ಟಿಕ್ ಸಿಂಟಿಲೇಟರಿನ ಸಾಂದ್ರತೆ ನೀರಿಗಿಂತ ಸುಮಾರು ಶೇಕಡಾ 5ರಷ್ಟು ಮಾತ್ರ ಹೆಚ್ಚು. ಅದರಲ್ಲಿ ಭಾರವಾದ ಮೂಲವಸ್ತುಗಳಿಲ್ಲ. ಮಾನವ ದೇಹವೂ ಬಹುಪಾಲು ನೀರೇ. ಆದ್ದರಿಂದ ಚಿಕಿತ್ಸೆಯಲ್ಲಿ ಬಳಸುವ ಹೆಚ್ಚಿನ ಶಕ್ತಿಯ ಕಿರಣಗಳ ಮಟ್ಟಿಗೆ, ಸಂವೇದಕವು ಇದ್ದ ಕಡೆ ಅಂಗಾಂಶವೇ ಇದ್ದಿದ್ದರೆ ಎಷ್ಟು ಶಕ್ತಿ ಹೀರಿಕೊಳ್ಳುತ್ತಿತ್ತೋ ಬಹುತೇಕ ಅಷ್ಟನ್ನೇ ಇದೂ ಹೀರಿಕೊಳ್ಳುತ್ತದೆ. ಅಮೆರಿಕದಲ್ಲಿ ಬೆಡ್ಡರ್, ಮ್ಯಾಕಿ ಮತ್ತು ಆಟಿಕ್ಸ್ ಎಂಬ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ಗುಣವನ್ನು ಸ್ಥಾಪಿಸಿ, ಮುಂದಿನ ಎಲ್ಲ ಕೆಲಸಕ್ಕೂ ಬುನಾದಿ ಹಾಕಿದವು.

ಖಾಲಿ ಚೀಲದ ತೂಕ

ಇಲ್ಲಿಯವರೆಗೆ ಎಲ್ಲವೂ ಸುಗಮ. ತೊಡಕು ಇರುವುದು ಫೈಬರಿನಲ್ಲಿಯೇ. ಸಿಂಟಿಲೇಟರ್ ಮಾತ್ರವಲ್ಲ, ಬೆಳಕನ್ನು ಸಾಗಿಸುವ ಫೈಬರ್ ಕೂಡ ವಿಕಿರಣ ಬಿದ್ದಾಗ ತಾನೇ ಬೆಳಕು ಸೂಸುತ್ತದೆ. ಇದಕ್ಕೆ ಮುಖ್ಯ ಕಾರಣ ಚೆರೆಂಕೋವ್ ವಿಕಿರಣ. ಒಂದು ಪಾರದರ್ಶಕ ವಸ್ತುವಿನಲ್ಲಿ ಬೆಳಕು ಚಲಿಸುವ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ವಿದ್ಯುದಾವೇಶವುಳ್ಳ ಕಣ ಹಾದುಹೋದರೆ ನೀಲಿ ಪ್ರಭೆ ಹುಟ್ಟುತ್ತದೆ. ರಷ್ಯದ ವಿಜ್ಞಾನಿ ಪಾವೆಲ್ ಚೆರೆಂಕೋವ್ ಇದನ್ನು 1934ರಲ್ಲಿ ವರದಿ ಮಾಡಿದರು. ಇದಕ್ಕಾಗಿ ಅವರಿಗೆ ಫ್ರಾಂಕ್ ಮತ್ತು ಟಾಮ್ ಅವರೊಂದಿಗೆ 1958ರ ನೊಬೆಲ್ ಪ್ರಶಸ್ತಿ ಸಂದಿತು. ಚಿಕಿತ್ಸಾ ಕಿರಣವು ದೇಹದಲ್ಲಿ ಎಬ್ಬಿಸುವ ಎಲೆಕ್ಟ್ರಾನುಗಳಲ್ಲಿ ಬಹುಪಾಲಿಗೆ ಈ ವೇಗ ಇರುತ್ತದೆ.

ಇದರ ಪರಿಣಾಮವನ್ನು ವರ್ತಕರು ಸುಲಭವಾಗಿ ಗ್ರಹಿಸಬಲ್ಲರು. ಗ್ರಾಹಕದಲ್ಲಿ ಕಾಣುವುದು ಚೀಲಸಮೇತ ಒಟ್ಟು ತೂಕ. ಬೇಕಾದುದು ನಿವ್ವಳ ತೂಕ. ಖಾಲಿ ಚೀಲದ ತೂಕ ಒಂದೇ ಆಗಿದ್ದರೆ ಕಳೆಯುವುದು ಸುಲಭ. ಆದರೆ ಇಲ್ಲಿ ಚೀಲದ ತೂಕ ಪ್ರತಿ ಸಲವೂ ಬದಲಾಗುತ್ತದೆ. ಕಿರಣದ ದಾರಿಯಲ್ಲಿ ಫೈಬರಿನ ಎಷ್ಟು ಉದ್ದ ಬಿದ್ದಿದೆ, ಕಿರಣವು ಯಾವ ಕೋನದಲ್ಲಿ ಬಂದಿದೆ ಎಂಬುದನ್ನು ಅವಲಂಬಿಸಿ ಚೆರೆಂಕೋವ್ ಬೆಳಕು ಏರಿಳಿಯುತ್ತದೆ. ಆಧುನಿಕ ಯಂತ್ರಗಳು ರೋಗಿಯ ಸುತ್ತ ತಿರುಗುತ್ತಲೇ ವಿಕಿರಣ ನೀಡುವುದರಿಂದ ಈ ಏರಿಳಿತ ಒಂದೇ ಚಿಕಿತ್ಸೆಯ ನಡುವೆಯೂ ಆಗುತ್ತದೆ.

ಇದಕ್ಕೆ ಹಲವು ಪರಿಹಾರಗಳು ರೂಢಿಗೆ ಬಂದಿವೆ. ಮೊದಲನೆಯದು ಜೋಡಿ ಫೈಬರ್. ಸಂವೇದಕದ ಪಕ್ಕದಲ್ಲಿಯೇ ಸಿಂಟಿಲೇಟರ್ ಇಲ್ಲದ ಮತ್ತೊಂದು ಫೈಬರನ್ನು ಇಟ್ಟು, ಅದರ ಬೆಳಕನ್ನು ಮೊದಲನೆಯದರಿಂದ ಕಳೆಯುವುದು. ಉದಾಹರಣೆಗೆ, ಮೊದಲ ಫೈಬರಿನಲ್ಲಿ 1,000 ಅಂಶ, ಜೊತೆಯ ಫೈಬರಿನಲ್ಲಿ 200 ಅಂಶ ಬೆಳಕು ಬಂದರೆ ನಿವ್ವಳ 800. ಕೋನ ಬದಲಾಗಿ ಮೊದಲನೆಯದರಲ್ಲಿ 1,150, ಎರಡನೆಯದರಲ್ಲಿ 350 ಬಂದರೆ ಆಗಲೂ ನಿವ್ವಳ 800. ಒಟ್ಟು ಅಂಶವನ್ನಷ್ಟೇ ನೋಡುವವರಿಗೆ ವಿಕಿರಣ ಶೇಕಡಾ 15ರಷ್ಟು ಹೆಚ್ಚಾದಂತೆ ತೋರುತ್ತದೆ. ವಾಸ್ತವದಲ್ಲಿ ಅದು ಬದಲಾಗಿಲ್ಲ. ಈ ವಿಧಾನದ ಮಿತಿಯೆಂದರೆ ಸಾಧನದ ದಪ್ಪ ಇಮ್ಮಡಿಯಾಗುವುದು, ಮತ್ತು ಎರಡು ಫೈಬರುಗಳ ಮೇಲೂ ಒಂದೇ ಪ್ರಮಾಣದ ವಿಕಿರಣ ಬೀಳಬೇಕಾದುದು.

ಎರಡನೆಯದು ಬಣ್ಣದ ವಿಧಾನ. ಚೆರೆಂಕೋವ್ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು, ಕೆಂಪಿನತ್ತ ಹೋದಂತೆ ಕಡಿಮೆ. ಸಿಂಟಿಲೇಟರಿನ ಬೆಳಕಿಗೆ ತನ್ನದೇ ಆದ ನಿಶ್ಚಿತ ಬಣ್ಣವಿದೆ. ಬಂದ ಬೆಳಕನ್ನು ಎರಡು ಬಣ್ಣಗಳಾಗಿ ವಿಂಗಡಿಸಿ ಅಳೆದರೆ, ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳನ್ನು ಬಿಡಿಸಿದಂತೆ, ಎರಡೂ ಮೂಲಗಳ ಪಾಲು ತಿಳಿಯುತ್ತದೆ. ಒಂದೇ ಫೈಬರ್ ಸಾಕಾಗುವುದರಿಂದ ಸಾಧನ ತೆಳುವಾಗಿ ಉಳಿಯುತ್ತದೆ. ಅಮೆರಿಕದ ಸ್ಟ್ಯಾಂಡರ್ಡ್ ಇಮೇಜಿಂಗ್ ಕಂಪನಿಯು ಮಾರುಕಟ್ಟೆಗೆ ತಂದ ಎಕ್ಸ್‌ರಾಡಿನ್ ಡಬ್ಲ್ಯೂ1 ಎಂಬ ಮಾಪಕ ಈ ಮಾರ್ಗದ್ದು. ಅದರ ಸಿಂಟಿಲೇಟರಿನ ಅಗಲ 1 ಮಿಲಿಮೀಟರ್, ಉದ್ದ 3 ಮಿಲಿಮೀಟರ್.

ಮೂರನೆಯದು ಸಮಯದ ವಿಧಾನ. ಚಿಕಿತ್ಸಾ ಯಂತ್ರವು ವಿಕಿರಣವನ್ನು ಕೆಲವೇ ಮೈಕ್ರೊಸೆಕೆಂಡುಗಳ ಮಿಡಿತಗಳಾಗಿ, ಸೆಕೆಂಡಿಗೆ ನೂರಾರು ಸಲ ಹೊಮ್ಮಿಸುತ್ತದೆ. ಚೆರೆಂಕೋವ್ ಬೆಳಕು ಮಿಡಿತ ನಿಂತೊಡನೆ ಆರಿಹೋಗುತ್ತದೆ. ನಿಧಾನವಾಗಿ ಆರುವ ಸಿಂಟಿಲೇಟರನ್ನು ಬಳಸಿದರೆ, ಮಿಡಿತ ನಿಂತ ಮೇಲೆ ಉಳಿಯುವ ಬೆಳಕನ್ನು ಮಾತ್ರ ಎಣಿಸಬಹುದು.

ದೇಹದೊಳಗಿನ ಚಿಕಿತ್ಸೆ

ಈ ಸಂವೇದಕದ ನಿಜವಾದ ಉಪಯೋಗ ಹೆಚ್ಚಾಗಿ ಕಾಣುವುದು ಬ್ರಾಕಿಥೆರಪಿಯಲ್ಲಿ. ಇದರಲ್ಲಿ ಹೊರಗಿನಿಂದ ಕಿರಣ ಬಿಡುವ ಬದಲು, ತಂತಿಯ ತುದಿಯಲ್ಲಿರುವ ಇರಿಡಿಯಂ-192 ಮೂಲವನ್ನು ಟೊಳ್ಳು ನಳಿಕೆಗಳ ಮೂಲಕ ಗಡ್ಡೆಯ ಬಳಿಗೇ ಕಳುಹಿಸಿ, ನಿಗದಿತ ಸ್ಥಾನಗಳಲ್ಲಿ ನಿಗದಿತ ಸೆಕೆಂಡುಗಳಷ್ಟು ನಿಲ್ಲಿಸಿ ಹಿಂದಕ್ಕೆ ಎಳೆದುಕೊಳ್ಳಲಾಗುತ್ತದೆ. ಭಾರತದ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುವ ಗರ್ಭಕೊರಳಿನ ಕ್ಯಾನ್ಸರಿಗೆ ಇದು ಪ್ರಮುಖ ಚಿಕಿತ್ಸೆ. ಇರಿಡಿಯಂ ಮೂಲದ ಅರ್ಧಾಯುಷ್ಯ ಸುಮಾರು 74 ದಿನ. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಮೂಲವನ್ನು ಬದಲಾಯಿಸುತ್ತಲೇ ಇರಬೇಕು. ಪ್ರತಿ ಬದಲಾವಣೆಯೂ ಹೊಸ ಲೆಕ್ಕ, ಹೊಸ ತಪ್ಪಿಗೆ ಹೊಸ ಅವಕಾಶ.

ಇಲ್ಲಿ ಅಂತರದ ಮಹತ್ವ ಬಹಳ. ಮೂಲದಿಂದ 10 ಮಿಲಿಮೀಟರ್ ದೂರದಲ್ಲಿ ದೊರೆಯುವ ವಿಕಿರಣವನ್ನು 100 ಎಂದು ಇಟ್ಟುಕೊಂಡರೆ, 11 ಮಿಲಿಮೀಟರ್ ದೂರದಲ್ಲಿ ಅದು ಸುಮಾರು 83ಕ್ಕೆ ಇಳಿಯುತ್ತದೆ. ಒಂದೇ ಮಿಲಿಮೀಟರ್ ಸರಿದರೆ ಶೇಕಡಾ 17ರಷ್ಟು ಕೊರತೆ. ಈ ಗುಣ ಎರಡೂ ಕಡೆ ಹರಿತವಾದ ಕತ್ತಿಯಿದ್ದಂತೆ. ಮೂಲವು ಸ್ಥಾನ ತಪ್ಪಿದರೆ ಸಂವೇದಕವು ಕೂಡಲೇ ತಿಳಿಸುತ್ತದೆ. ಆದರೆ ಸಂವೇದಕವೇ ಸ್ಥಾನ ತಪ್ಪಿದ್ದರೆ ಇಲ್ಲದ ತಪ್ಪನ್ನು ಇದೆಯೆಂದು ಹೇಳುತ್ತದೆ. ಆದ್ದರಿಂದ ಸಂವೇದಕದ ತುದಿ ಎಲ್ಲಿದೆ ಎಂಬುದನ್ನು ಸ್ಕ್ಯಾನ್ ಚಿತ್ರದಲ್ಲಿ ಗುರುತಿಸಲು ಅನುಕೂಲವಾಗುವ ಗುರುತು ತುದಿಯಲ್ಲಿರಬೇಕು.

1992ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಇಂಡಿಯಾನ ಎಂಬ ಊರಿನ ಚಿಕಿತ್ಸಾಲಯದಲ್ಲಿ ವೃದ್ಧೆಯೊಬ್ಬರಿಗೆ ಇಂತಹ ಚಿಕಿತ್ಸೆ ನಡೆಯುತ್ತಿದ್ದಾಗ ಇರಿಡಿಯಂ ಮೂಲವು ತಂತಿಯಿಂದ ಮುರಿದು ದೇಹದೊಳಗೇ ಉಳಿಯಿತು. ಗೋಡೆಯ ಮೇಲಿನ ವಿಕಿರಣ ಎಚ್ಚರಿಕೆ ಗಂಟೆ ಮೊಳಗಿತ್ತು. ಆದರೆ ಯಂತ್ರದ ಫಲಕವು ಮೂಲ ಸುರಕ್ಷಿತವಾಗಿ ಹಿಂದಿರುಗಿದೆ ಎಂದು ತೋರಿಸಿದ್ದರಿಂದ ಗಂಟೆಯೇ ಕೆಟ್ಟಿದೆಯೆಂದು ಸಿಬ್ಬಂದಿ ಭಾವಿಸಿದರು. ಕೈಮಾಪಕದಿಂದ ಪರೀಕ್ಷಿಸದೆ ರೋಗಿಯನ್ನು ವೃದ್ಧರ ಆರೈಕೆ ಗೃಹಕ್ಕೆ ಹಿಂದಿರುಗಿಸಲಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಗುರಿಯ ಪಕ್ಕದಲ್ಲಿಯೇ ಒಂದು ಸಂವೇದಕವಿದ್ದು, ಅದರ ಸಂಖ್ಯೆ ಶೂನ್ಯಕ್ಕೆ ಇಳಿದಿಲ್ಲವೆಂಬುದು ಪರದೆಯ ಮೇಲೆ ಕಂಡಿದ್ದರೆ ಸಿಬ್ಬಂದಿಗೆ ಎರಡನೆಯ ಸಾಕ್ಷಿ ದೊರೆಯುತ್ತಿತ್ತು. ಆದರೆ ಮೊಳಗಿದ ಗಂಟೆಯನ್ನೇ ನಂಬದಿದ್ದ ಕಡೆ ಸಾಧನವೊಂದರಿಂದಲೇ ಸುರಕ್ಷತೆ ಬರುವುದಿಲ್ಲ ಎಂಬುದನ್ನೂ ಈ ಪ್ರಕರಣ ತಿಳಿಸುತ್ತದೆ.

ಈ ದಿಸೆಯಲ್ಲಿ ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಕೆಲಸ ಗಮನಾರ್ಹ. ಅಲ್ಲಿನ ಸಂಶೋಧಕರು ಪಿಎಂಎಂಎ ಫೈಬರಿನ ತುದಿಯಲ್ಲಿ ಸಣ್ಣ ಕುಳಿ ಕೊರೆದು, ಅದರಲ್ಲಿ ಟರ್ಬಿಯಂ ಬೆರೆಸಿದ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡ್ ಪುಡಿಯನ್ನು ತುಂಬಿದರು. ಎಕ್ಸ್-ರೇ ಪರದೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ಪುಡಿ ಉಜ್ವಲವಾದ ಹಸಿರು ಬೆಳಕು ನೀಡುತ್ತದೆ. ಬೆಳಕು ಹೆಚ್ಚಾದುದರಿಂದ ಸಂವೇದಕವನ್ನು ಬಹಳ ಚಿಕ್ಕದಾಗಿಸಿ ಚಿಕಿತ್ಸೆಯ ಸೂಜಿಯೊಳಗೇ ಇಡಲು ಸಾಧ್ಯ. ಆದರೆ ಗ್ಯಾಡೋಲಿನಿಯಂ ಭಾರವಾದ ಮೂಲವಸ್ತು. ಕಡಿಮೆ ಶಕ್ತಿಯ ಕಿರಣಗಳಿಗೆ ಅದು ನೀರಿಗಿಂತ ಹೆಚ್ಚಾಗಿ ಸ್ಪಂದಿಸುತ್ತದೆ. ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸಬೇಕು. ಐರೋಪ್ಯ ಒಕ್ಕೂಟದ ಹೊರೈಜನ್ 2020 ಕಾರ್ಯಕ್ರಮದ ನೆರವಿನಿಂದ 2019ರಲ್ಲಿ ಆರಂಭವಾದ ಒರಿಜಿನ್ ಯೋಜನೆಯು ಈ ಬಗೆಯ ಸಂವೇದಕಗಳಿಂದ ಬ್ರಾಕಿಥೆರಪಿಯ ವಿಕಿರಣವನ್ನು ಚಿಕಿತ್ಸೆಯ ವೇಳೆಯಲ್ಲಿಯೇ ಅಳೆಯುವ ಗುರಿ ಇಟ್ಟುಕೊಂಡಿತು.

ಉಷ್ಣತೆ ಮತ್ತು ಬಾಳಿಕೆ

ಸಂವೇದಕದ ಗುಣವನ್ನು ಕೆಡಿಸುವ ಬೇರೆ ಕಾರಣಗಳೂ ಇವೆ. ಹಸಿರು ಬೆಳಕಿನ ಒಂದು ಪ್ರಚಲಿತ ಪ್ಲಾಸ್ಟಿಕ್ ಸಿಂಟಿಲೇಟರಿನ ಹೊಳಪು ಉಷ್ಣತೆ ಒಂದು ಡಿಗ್ರಿ ಏರಿದರೆ ಸುಮಾರು ಅರ್ಧ ಶೇಕಡಾ ಇಳಿಯುತ್ತದೆ. 22 ಡಿಗ್ರಿಯ ಕೊಠಡಿಯಲ್ಲಿ ಹೊಂದಿಸಿದ ಸಂವೇದಕವನ್ನು 37 ಡಿಗ್ರಿಯ ದೇಹದಲ್ಲಿ ಇಟ್ಟರೆ ಅಂತರ 15 ಡಿಗ್ರಿ; ಓದಿನಲ್ಲಿ ಶೇಕಡಾ 7.5ರಷ್ಟು ಕೊರತೆ. ಅನುಮತಿಸಿದ ಶೇಕಡಾ 5ರ ಮಿತಿಯನ್ನು ಈ ಒಂದು ಅಂಶವೇ ದಾಟಿಬಿಡುತ್ತದೆ. ನೀಲಿ ಬೆಳಕಿನ ನಮೂನೆಯಲ್ಲಿ ಈ ದೋಷ ತೀರ ಕಡಿಮೆ. ಆದರೆ ಅದರ ಬಣ್ಣವು ಚೆರೆಂಕೋವ್ ಬೆಳಕಿನೊಂದಿಗೆ ಬೆರೆತುಹೋಗುತ್ತದೆ. ಒಂದು ದೋಷವನ್ನು ತಪ್ಪಿಸಲು ಹೋದರೆ ಇನ್ನೊಂದು ಎದುರಾಗುತ್ತದೆ. ಯಾವ ನಮೂನೆಯನ್ನು ಆರಿಸಿದರೂ ಅದರ ದೋಷವೆಷ್ಟು ಎಂಬುದನ್ನು ಅಳೆದು ದಾಖಲಿಸುವುದು ಅನಿವಾರ್ಯ.

ದೀರ್ಘಕಾಲದ ವಿಕಿರಣದಿಂದ ಫೈಬರ್ ಕ್ರಮೇಣ ಮಂಕಾಗುತ್ತದೆ. ತೀವ್ರವಾಗಿ ಬಾಗಿಸಿದರೂ ಬೆಳಕು ಸೋರಿಹೋಗುತ್ತದೆ. ಕ್ರಿಮಿಶುದ್ಧಿಯ ಪ್ರಶ್ನೆಯೂ ಇದೆ. ಆಸ್ಪತ್ರೆಗಳ ಆಟೋಕ್ಲೇವ್ 121 ಡಿಗ್ರಿ ಅಥವಾ ಅದಕ್ಕೂ ಮೇಲಿನ ಉಷ್ಣತೆಯಲ್ಲಿ ಕೆಲಸ ಮಾಡುತ್ತದೆ. ಪಿಎಂಎಂಎ ಸುಮಾರು 105 ಡಿಗ್ರಿಯಲ್ಲಿಯೇ ಮೆತ್ತಗಾಗುವುದರಿಂದ ಆ ದಾರಿ ಮುಚ್ಚಿದೆ. ಎಥಿಲೀನ್ ಆಕ್ಸೈಡ್ ಅನಿಲದಂತಹ ತಣ್ಣನೆಯ ವಿಧಾನ, ಅಥವಾ ಶುದ್ಧೀಕರಿಸಿದ ನಳಿಕೆಯೊಳಗೆ ಸಂವೇದಕವನ್ನು ತೂರಿಸುವ ವಿಧಾನವನ್ನು ಅನುಸರಿಸಬೇಕಾಗುತ್ತದೆ.

ಮುದ್ರೆ ಹಾಕಿಸಿದ ತೂಕದ ಬಟ್ಟು

ಪ್ರತಿಯೊಬ್ಬ ವರ್ತಕನೂ ತನ್ನ ತೂಕದ ಬಟ್ಟುಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸುತ್ತಾನೆ. ತನ್ನ ಬಟ್ಟನ್ನು ತನ್ನದೇ ಇನ್ನೊಂದು ಬಟ್ಟಿನೊಂದಿಗೆ ತೂಗಿ ನೋಡುವುದು ಸತ್ಯಾಪನೆಯಾಗದು. ಫೈಬರ್ ಸಂವೇದಕಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಸಂವೇದಕವು ಹೇಳುವುದು ಬೆಳಕಿನ ಅಂಶಗಳನ್ನು ಮಾತ್ರ. ಎಷ್ಟು ಅಂಶಕ್ಕೆ ಒಂದು ಗ್ರೇ ಎಂಬುದನ್ನು ಹೊರಗಿನಿಂದ ಕಲಿಸಬೇಕು. ಇದಕ್ಕೆ ಮಾಪನಾಂಕ ನಿರ್ಣಯವೆಂದು ಹೆಸರು. ಕೈಯಿಂದ ಅಂಟಿಸಿ ಹೊಳಪು ಮಾಡಿದ ತುದಿಗಳು ಒಂದರಂತೆ ಇನ್ನೊಂದು ಇರಲಾರವು. ಆದ್ದರಿಂದ ಪ್ರತಿ ಸಂವೇದಕಕ್ಕೂ ಪ್ರತ್ಯೇಕ ಅಂಕ ಬೇಕು. ಆಸ್ಪತ್ರೆಯ ಅಯಾನೀಕರಣ ಕೋಷ್ಠದೊಂದಿಗೆ ಹೋಲಿಸಿ ಈ ಅಂಕವನ್ನು ಪಡೆಯಲಾಗುತ್ತದೆ. ಆ ಕೋಷ್ಠಕ್ಕೆ ಅಂಕ ದೊರೆಯುವುದು ಪ್ರಮಾಣ ಪ್ರಯೋಗಾಲಯದಿಂದ. ಭಾರತದಲ್ಲಿ ಈ ಹೊಣೆಯನ್ನು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ನಿರ್ವಹಿಸುತ್ತದೆ. ಹೀಗೆ ರೋಗಿಯ ದೇಹದೊಳಗಿನ ತುದಿಯಿಂದ ಪ್ರಮಾಣ ಪ್ರಯೋಗಾಲಯದವರೆಗೆ ಕೊಂಡಿಗಳ ಸರಪಣಿಯೊಂದಿದೆ.

ಈಗ ಕೋಸ್ಟರಿಕಾ ಪ್ರಕರಣವನ್ನು ಮತ್ತೊಮ್ಮೆ ಪರಿಶೀಲಿಸಬಹುದು. ಅಲ್ಲಿ ಫೈಬರ್ ಸಂವೇದಕವಿದ್ದು, ಅದನ್ನು ಅದೇ ಯಂತ್ರದ ಅದೇ ತಪ್ಪು ವೇಗವನ್ನು ನಿಜವೆಂದು ನಂಬಿ ಹೊಂದಿಸಿದ್ದರೆ ಅದೂ ಸುಳ್ಳನ್ನೇ ಹೇಳುತ್ತಿತ್ತು. ಪ್ರತಿದಿನವೂ ಎಲ್ಲವೂ ಸರಿಯಿದೆ ಎಂದು ದೃಢೀಕರಿಸುತ್ತಿತ್ತು. ಅಂಕವು ಯಂತ್ರದ ಲೆಕ್ಕದಿಂದ ಸ್ವತಂತ್ರವಾದ ಮೂಲದಿಂದ ಬಂದಿದ್ದರೆ ಮಾತ್ರ ಮೊದಲ ದಿನವೇ ತಪ್ಪು ಗೋಚರಿಸುತ್ತಿತ್ತು. ಸಂವೇದಕದ ಬೆಲೆ ಅದರ ಪ್ಲಾಸ್ಟಿಕ್ಕಿನಲ್ಲಿಲ್ಲ, ಅದರೊಂದಿಗೆ ಬರುವ ಪ್ರಮಾಣಪತ್ರದಲ್ಲಿದೆ. ತಯಾರಿಕೆಗೆ ಇಳಿಯುವವರು ಮೊಟ್ಟಮೊದಲು ಮನಗಾಣಬೇಕಾದುದು ಇದನ್ನೇ.

ಸಣ್ಣ ಉದ್ಯಮಿಗಳ ಪಾತ್ರ

ವಿಕಿರಣ ಚಿಕಿತ್ಸಾ ಸಾಧನಗಳ ತಯಾರಿಕೆ ಕರ್ನಾಟಕಕ್ಕೆ ಹೊಸತಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರವು ರೂಪಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಚಿಕಿತ್ಸಾ ಯಂತ್ರದ ತಂತ್ರಜ್ಞಾನವನ್ನು ಪಡೆದು ತಯಾರಿಸಿದುದು ಬೆಂಗಳೂರಿನ ಪ್ಯಾನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ಸಂಸ್ಥೆ. ಭಾರತವು ಈ ಯಂತ್ರವನ್ನು ವಿಯೆಟ್ನಾಂ ಮೊದಲಾದ ದೇಶಗಳಿಗೂ ನೀಡಿದೆ. ಫೈಬರ್ ಸಂವೇದಕ ಇದಕ್ಕಿಂತ ಬಹಳ ಚಿಕ್ಕ ಕೆಲಸ. ಆದರೆ ಬೇಡುವ ಶಿಸ್ತು ಅದೇ ಮಟ್ಟದ್ದು. ಈ ಕ್ಷೇತ್ರದತ್ತ ಒಲವುಳ್ಳವರು ಗಮನದಲ್ಲಿಡಬೇಕಾದ ಅಂಶಗಳು ಹೀಗಿವೆ:

1. ಎಲ್ಲವನ್ನೂ ತಾವೇ ತಯಾರಿಸುವ ಅಗತ್ಯವಿಲ್ಲ. ಸಿಂಟಿಲೇಟರ್ ಫೈಬರನ್ನು ಜಪಾನಿನ ಕುರಾರೇ ಮೊದಲಾದ ಕಂಪನಿಗಳೂ, ಬೆಳಕಿನ ಗ್ರಾಹಕಗಳನ್ನು ಹಮಾಮಾಟ್ಸು ಮೊದಲಾದವೂ ತಯಾರಿಸುತ್ತವೆ. ತುದಿಯ ಜೋಡಣೆ, ಹೊಳಪು, ಕಪ್ಪು ಹೊದಿಕೆ, ಕನೆಕ್ಟರ್, ಗ್ರಾಹಕ ಪೆಟ್ಟಿಗೆ, ತಂತ್ರಾಂಶ ಇವು ಸ್ಥಳೀಯ ಕೌಶಲಕ್ಕೆ ನಿಲುಕುವ ಕೆಲಸಗಳು.

2. ಸಂವೇದಕಕ್ಕಿಂತ ಮೊದಲು ಅದರ ಪರೀಕ್ಷಾ ಸಲಕರಣೆ ತಯಾರಿಸಬಹುದು. ದೇಹದ ಬದಲಿಗೆ ಬಳಸುವ ಅಕ್ರಿಲಿಕ್ ಅಚ್ಚುಗಳಲ್ಲಿ ನಿಖರವಾದ ರಂಧ್ರಗಳನ್ನು ಕೊರೆಯುವುದು ಉತ್ತಮ ಯಂತ್ರಾಗಾರವುಳ್ಳ ಯಾವುದೇ ಘಟಕಕ್ಕೂ ಸಾಧ್ಯ. ಒಂದು ಮಿಲಿಮೀಟರ್ ತಪ್ಪಿದರೆ ಶೇಕಡಾ 17ರ ವ್ಯತ್ಯಾಸವಾಗುವ ಕಡೆ ಈ ರಂಧ್ರಗಳ ನಿಖರತೆಗೆ ತಕ್ಕ ಬೆಲೆ ದೊರೆಯುತ್ತದೆ.

3. ವಿಕಿರಣ ಮೂಲವನ್ನು ಹೊಂದಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಸಣ್ಣ ಘಟಕಗಳು ಈ ಹೊರೆಯನ್ನು ಹೊರುವ ಬದಲು ಪರವಾನಗಿಯುಳ್ಳ ಆಸ್ಪತ್ರೆಯ ವೈದ್ಯಕೀಯ ಭೌತವಿಜ್ಞಾನಿಗಳ ಸಹಯೋಗದಲ್ಲಿ ಪರೀಕ್ಷೆ ನಡೆಸುವುದು ಸೂಕ್ತ.

4. ಪ್ರತಿ ಸಂವೇದಕಕ್ಕೂ ಕ್ರಮಸಂಖ್ಯೆ ಹಾಗೂ ಪರೀಕ್ಷಾ ದಾಖಲೆ ಇರಬೇಕು. ಅದೇ ಪ್ರಮಾಣಕ್ಕೆ ಪ್ರತಿ ಸಲವೂ ಅದೇ ಓದು ಬರುವುದೇ, ಪ್ರಮಾಣ ಇಮ್ಮಡಿಯಾದರೆ ಓದೂ ಇಮ್ಮಡಿಯಾಗುವುದೇ, ಕೋನ, ಉಷ್ಣತೆ, ವಿಕಿರಣದ ವೇಗ ಇವುಗಳಿಂದ ಆಗುವ ವ್ಯತ್ಯಾಸವೆಷ್ಟು, ಎಷ್ಟು ಗ್ರೇ ಬಳಕೆಯ ನಂತರ ಬದಲಾಯಿಸಬೇಕು ಎಂಬ ಪ್ರಶ್ನೆಗಳಿಗೆ ಆ ದಾಖಲೆಯಲ್ಲಿ ಸಂಖ್ಯೆಯ ಉತ್ತರ ಇರಬೇಕು.

5. ವೈದ್ಯಕೀಯ ಸಾಧನಗಳ ನಿಯಮಗಳು 2017 ಅಪಾಯದ ಮಟ್ಟಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ವರ್ಗೀಕರಿಸುತ್ತವೆ. ಎ ಮತ್ತು ಬಿ ವರ್ಗದ ತಯಾರಿಕಾ ಪರವಾನಗಿ ರಾಜ್ಯ ಪ್ರಾಧಿಕಾರದಿಂದಲೂ, ಸಿ ಮತ್ತು ಡಿ ವರ್ಗದ್ದು ಕೇಂದ್ರ ಪ್ರಾಧಿಕಾರದಿಂದಲೂ ದೊರೆಯುತ್ತದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣದ ವ್ಯಾಪ್ತಿಗೆ ಬಂದಿವೆ. ತಮ್ಮ ಸಾಧನ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಬಂಡವಾಳ ಹೂಡುವ ಮೊದಲೇ ಪ್ರಾಧಿಕಾರದಿಂದ ತಿಳಿದುಕೊಳ್ಳುವುದು ಕ್ಷೇಮ. ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆಯನ್ನು ಆರಂಭದಿಂದಲೇ ಅಳವಡಿಸಿಕೊಂಡರೆ ಮುಂದೆ ದಾಖಲೆಗಳನ್ನು ಹೊಸದಾಗಿ ಹೊಂದಿಸುವ ಶ್ರಮ ಉಳಿಯುತ್ತದೆ.

6. ಇದು ಬೇಗ ಲಾಭ ತರುವ ವ್ಯವಹಾರವಲ್ಲ. ಕೊಳ್ಳುವವರು ವಿಕಿರಣ ಚಿಕಿತ್ಸಾ ಕೇಂದ್ರಗಳು ಮಾತ್ರ. ಅವು ಪರೀಕ್ಷಿಸಿ, ಮತ್ತೆ ಪರೀಕ್ಷಿಸಿ, ನಿಧಾನವಾಗಿ ಕೊಳ್ಳುತ್ತವೆ. ಆದ್ದರಿಂದ ಈಗಿರುವ ವ್ಯವಹಾರದ ಪಕ್ಕದಲ್ಲಿ ಇದನ್ನು ಆರಂಭಿಸುವುದು ವಿವೇಕ.

ಉಪಸಂಹಾರ

ಆಪ್ಟಿಕಲ್ ಫೈಬರ್ ಸಂವೇದಕವು ಅಯಾನೀಕರಣ ಕೋಷ್ಠದ ಸ್ಥಾನವನ್ನು ಕಿತ್ತುಕೊಳ್ಳುವುದಿಲ್ಲ. ಕೋಷ್ಠವು ಪ್ರಮಾಣವಾಗಿ ಉಳಿಯುತ್ತದೆ. ಫೈಬರು ಕೋಷ್ಠ ಹೋಗಲಾರದ ಕಡೆಗೆ ಆ ಪ್ರಮಾಣವನ್ನು ಒಯ್ಯುತ್ತದೆ. ಕಾಂತಕ್ಷೇತ್ರದೊಳಗೆ ಕೆಲಸ ಮಾಡುವ ಹೊಸ ಚಿಕಿತ್ಸಾ ಯಂತ್ರಗಳಲ್ಲಿಯೂ, ಕ್ಷಣಾರ್ಧದಲ್ಲಿ ಪೂರ್ಣ ಪ್ರಮಾಣ ನೀಡುವ ಅತಿವೇಗದ ಚಿಕಿತ್ಸೆಯ ಪ್ರಯೋಗಗಳಲ್ಲಿಯೂ ಇದರ ಅಗತ್ಯ ಹೆಚ್ಚುವ ಲಕ್ಷಣಗಳಿವೆ.

ಚಿಕಿತ್ಸಾ ಮೇಜಿನ ಮೇಲೆ ಮಲಗಿರುವ ರೋಗಿಗೆ ವಿಕಿರಣವು ಕಾಣುವುದಿಲ್ಲ, ಕೇಳಿಸುವುದಿಲ್ಲ, ತಾಗಿದ ಅರಿವೂ ಆಗುವುದಿಲ್ಲ. ಹೆಚ್ಚಾಯಿತೆಂದು ದೂರಲು ಆತನಿಗೆ ಆಗ ಯಾವ ಆಧಾರವೂ ಇಲ್ಲ. ತೂಕವನ್ನು ತಾನೇ ನೋಡಲಾರದ ಗಿರಾಕಿಗೆ ಸರಿಯಾದ ತೂಕ ಕೊಡುವುದು ವ್ಯಾಪಾರ ಧರ್ಮದ ಮೊದಲ ಪಾಠ. ಈ ಸಂವೇದಕವನ್ನು ತಯಾರಿಸುವವರ ಮೇಲೂ ಅದೇ ಹೊಣೆಯಿದೆ. ತಪ್ಪು ಓದು ನೀಡುವ ಸಂವೇದಕವು ಸಂವೇದಕವೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ.